ಪಿಯಾಫ್ ಅಂದ್ರೆ ಬರೀ ಕಣ್ಣೀರಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣೀಲಿ ಫ್ರೆಂಚ್ ಗಾಯಕಿ ಎಡಿತ್ ಪಿಯಾಫ್ ಬಗ್ಗೆ ಬಂದ ಲೇಖನಾನ ಎರಡು ಸಲ ಓದ್ದೆ. ಕನ್ನಡದಲ್ಲಿ ಅವಳಿಗೆ ಒಂದು ಪೂರ್ತಿ ಪುಟ ಸಿಕ್ತಲ್ಲ ಅಂತ ಮೊದಲು ಖುಷಿಯಾಯ್ತು, ಆದ್ರೆ ಓದಿ ಮುಗಿಸೋ ಹೊತ್ತಿಗೆ ಬೇಜಾರು, ಯಾಕಂದ್ರೆ ಅಲ್ಲಿ ಬಡತನ ಇತ್ತು, ಕುಡಿತ ಇತ್ತು, ಮಾರ್ಫಿನ್ ಇತ್ತು, ಗಂಡಸರ ಪಟ್ಟಿ ಇತ್ತು, ಹಾಡು ಮಾತ್ರ ಎಲ್ಲೂ ಇರ್ಲಿಲ್ಲ.

ನಾನು ಇಪ್ಪತ್ತು ವರ್ಷದಿಂದ ಮನೇಲೇ ಸುಗಮ ಸಂಗೀತ ಹೇಳಿಕೊಡ್ತಿದೀನಿ, ಅದಕ್ಕೇ ಇದು ಸ್ವಲ್ಪ ಜಾಸ್ತಿನೇ ಚುಚ್ತು.

ಅವಳು ಪ್ಯಾರಿಸ್ಸಿನ ಫುಟ್‌ಪಾತ್ ಮೇಲೆ ಹುಟ್ಟಿದ್ಲು ಅಂತ ಬರೆದಿದೀರಿ. ಬೆಲ್‌ವಿಲ್ ಬೀದಿಯ 72ನೇ ನಂಬರಿನ ಗೋಡೆ ಮೇಲೆ ಹಾಗಂತ ಕಲ್ಲೇ ಹಾಕಿದಾರೆ ನಿಜ, ಆದ್ರೆ ಜನನ ಪತ್ರದಲ್ಲಿರೋದು ತೆನೋಂ ಆಸ್ಪತ್ರೆ, 1915ರ ಡಿಸೆಂಬರ್ 19. ಇನ್ನೊಂದು, ಬಾಕ್ಸರ್ ಮಾರ್ಸೆಲ್ ಸೆರ್ದಾಂ ವಿಮಾನ ಅಪಘಾತದಲ್ಲಿ ಸತ್ತ ದುಃಖದಲ್ಲಿ 'ಪ್ರೇಮಸ್ತುತಿ' ಹಾಡು ಬರೆದ್ಲು ಅಂತ. ಅವನು ಸತ್ತಿದ್ದು 1949ರ ಅಕ್ಟೋಬರ್ 28ಕ್ಕೆ, ಆ ಹಾಡನ್ನ ಅವಳು ಸೆಪ್ಟೆಂಬರಲ್ಲೇ ನ್ಯೂಯಾರ್ಕಲ್ಲಿ ಹಾಡಿಯಾಗಿತ್ತು. ಅಂದ್ರೆ ಪ್ರೀತಿ ತುಂಬಿದ್ದಾಗ, ಅವನು ಬದುಕಿದ್ದಾಗಲೇ ಬರೆದ ಸಾಲುಗಳವು, ಸಂಗೀತ ಮಾರ್ಗರೀತ್ ಮೊನೋ ಅವರದ್ದು. ಆಮೇಲೆ ಅವನು ಸತ್ತ ಸುದ್ದಿ ಬಂದ ರಾತ್ರಿಯೂ ಅವಳು ಸ್ಟೇಜ್ ಹತ್ತಿದ್ಲು. 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೇಲಿ ಐಫೆಲ್ ಟವರ್ ಮೇಲೆ ನಿಂತು ಸೆಲೀನ್ ಡಿಯಾನ್ ಹಾಡಿದ್ದು ಇದೇ ಹಾಡು.

ಹಾಡು ಬರೆಯೋದು ಅವಳಿಗೆ ಹವ್ಯಾಸ ಆಗಿರ್ಲಿಲ್ಲ ಸರ್, ಕಸುಬು. ಜಗತ್ತಿಗೆಲ್ಲ ಗೊತ್ತಿರೋ 'ಲಾ ವೀ ಆಂ ರೋಜ್' ಸಾಹಿತ್ಯ ಅವಳದ್ದೇ. ಆಮೇಲೆ ದೊಡ್ಡ ಗಾಯಕರಾದ ಈವ್ ಮೋಂತಾಂ, ಶಾರ್ಲ್ ಅಜ್ನಾವೂರ್ ಇವರನ್ನೆಲ್ಲ ಕೈಹಿಡಿದು ಮೇಲೆ ತಂದೋಳು ಅವಳು, ಲೇಖನದಲ್ಲಿ ಮೋಂತಾಂ ಬರೀ ಪ್ರೇಮಿ ಅಂತ ಒಂದು ಸಾಲಲ್ಲಿ ಮುಗಿದುಹೋದ.

ವಿವಾದಗಳನ್ನ ಮುಚ್ಚಿಡಿ ಅಂತ ನಾನು ಹೇಳ್ತಿಲ್ಲ, ಬರೆಯೋದಾದ್ರೆ ಪೂರ್ತಿ ಬರೀರಿ. ಬೀದೀಲಿ ಹಾಡ್ತಿದ್ದೋಳನ್ನ 1935ರಲ್ಲಿ ಕರ್ಕೊಂಡು ಹೋಗಿ ಪಿಯಾಫ್ ಅಂದ್ರೆ ಗುಬ್ಬಚ್ಚಿ ಅಂತ ಹೆಸರಿಟ್ಟ ನೈಟ್‌ಕ್ಲಬ್ ಮಾಲೀಕ ಲೂಯಿ ಲೆಪ್ಲೇ ಮುಂದಿನ ವರ್ಷ ಏಪ್ರಿಲಲ್ಲಿ ಕೊಲೆಯಾದ, ಪೊಲೀಸರು ಇವಳನ್ನ ವಿಚಾರಣೆ ಮಾಡಿ ಬಿಟ್ರು, ಬಿಟ್ಟಿದ್ದನ್ನೂ ಬರೀಬೇಕಲ್ವಾ? ಯುದ್ಧದ ಕಾಲದಲ್ಲಿ ಜರ್ಮನ್ನರ ಕೈಲಿದ್ದ ಪ್ಯಾರಿಸ್ಸಲ್ಲಿ ಹಾಡಿದ್ಲು, ಜರ್ಮನಿಗೂ ಹೋಗಿ ಅಲ್ಲಿನ ಫ್ರೆಂಚ್ ಯುದ್ಧಕೈದಿಗಳ ಮುಂದೆ ಹಾಡಿದ್ಲು, ಯುದ್ಧ ಮುಗಿದ ಮೇಲೆ ಅದಕ್ಕೂ ವಿಚಾರಣೆ ಎದುರಿಸಿ ದೋಷಮುಕ್ತಳಾದ್ಲು. ಅದೇ ಟೈಮಲ್ಲಿ ಯಹೂದಿ ಸಂಗೀತಗಾರ ನಾರ್ಬರ್ಟ್ ಗ್ಲಾಂಜ್‌ಬರ್ಗ್ ತಲೆಮರೆಸಿಕೊಂಡು ಉಳಿಯೋಕೆ ಸಹಾಯ ಮಾಡಿದ್ದೂ ಇವಳೇ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ಆ ಕಾಲ ಎಷ್ಟು ಸಿಕ್ಕುಸಿಕ್ಕಾಗಿತ್ತು ಅಂತ ತಿಳಿಯೋದು. 'ನನಗೆ ಯಾವ ಪಶ್ಚಾತ್ತಾಪವೂ ಇಲ್ಲ' ಹಾಡನ್ನ ಅವಳು ಫ್ರಾನ್ಸಿನ ಫಾರಿನ್ ಲೀಜನ್ (ವಿದೇಶೀಯರನ್ನ ಸೇರಿಸ್ಕೊಳ್ಳೋ ಸೇನಾ ದಳ) ಸೈನಿಕರಿಗೆ ಅರ್ಪಿಸಿದ್ಲು, 1961ರಲ್ಲಿ ಅಲ್ಜೀರಿಯಾಕ್ಕೆ ಸ್ವಾತಂತ್ರ್ಯ ಕೊಡಬಾರದು ಅಂತ ಅಲ್ಲೇ ದಂಗೆ ಎದ್ದು ಸೋತ ಆ ಲೀಜನ್ನಿನ ಪ್ಯಾರಾಟ್ರೂಪರ್‌ಗಳು ಬ್ಯಾರಕ್ ಬಿಟ್ಟು ಹೊರಡುವಾಗ ಅದನ್ನೇ ಹಾಡ್ಕೊಂಡು ಹೋದ್ರು. ಸ್ವಾತಂತ್ರ್ಯಕ್ಕೆ ಹೋರಾಡ್ತಿದ್ದ ಅಲ್ಜೀರಿಯಾದವರ ಕಿವಿಗೆ ಆ ಹಾಡು ಹೇಗೆ ಕೇಳಿಸಿರಬೇಡ. ಆ ಅರ್ಪಣೆ ನನಗೂ ಇಷ್ಟ ಇಲ್ಲ, ಹಾಡು ಇಷ್ಟ.

ಆ ಹಾಡಿನ ಒಲಿಂಪಿಯಾ ಥಿಯೇಟರ್ ವಿಡಿಯೋ ನೋಡಿ ಒಂದು ಸಲ. ಸಾಲದಲ್ಲಿ ಮುಳುಗಿದ್ದ ಆ ಥಿಯೇಟರನ್ನ 1960ರ ಕೊನೇಲಿ ಅವಳ ಕಾರ್ಯಕ್ರಮಗಳೇ ಉಳಿಸಿದ್ದು. ಐದಡಿಯೂ ಇಲ್ಲದ ಹೆಂಗಸು, ಸಾದಾ ಕಪ್ಪು ಫ್ರಾಕು, ಸಂಧಿವಾತದಿಂದ ಸೊಟ್ಟಗಾದ ಬೆರಳು, ಆ ಕೈ ಎರಡೂ ಕಪ್ಪು ಬಟ್ಟೆ ಮೇಲೆ ಬೆಳ್ಳಗೆ ಕಾಣ್ತವೆ. 'ರ' ಅಕ್ಷರಾನ ನಮ್ಮ ಹಾಗೆ ನಾಲಿಗೆ ತುದೀಲಿ ಅಲ್ಲ, ಗಂಟಲಲ್ಲೇ ಉರುಳಿಸಿ ಉರುಳಿಸಿ ಎಸೀತಾಳೆ, ಆದ್ರೂ ಒಂದು ಪದ ನುಂಗಲ್ಲ. ಭಾವ ಬಂತು ಅಂತ ಸಾಹಿತ್ಯ ತಿನ್ನೋ ನನ್ನ ಮಕ್ಕಳಿಗೆ ಇದನ್ನೇ ಹಾಕಿ ತೋರಿಸ್ತೀನಿ, ಅರ್ಥ ಗೊತ್ತಿಲ್ದಿದ್ರೂ ಉಸಿರು ಎಲ್ಲಿ ತಗೊಂಡ್ಲು ನೋಡ್ರೇ ಅಂತ.

ಅವಳ ಸಾವಿನ ಬಗ್ಗೆ ಅಷ್ಟು ಬರೆದ್ರಿ, ಅಂತ್ಯಕ್ರಿಯೆ ಬಿಟ್ರಿ. 1963ರ ಅಕ್ಟೋಬರಲ್ಲಿ ಸತ್ತಾಗ ವಿಚ್ಛೇದನ ಪಡೆದು ಮತ್ತೆ ಮದುವೆ ಆಗಿದ್ದೋಳು ಅಂತ ಚರ್ಚು ಶವಸಂಸ್ಕಾರದ ಪೂಜೆ ಕೊಡ್ಲಿಲ್ಲ, ಆದ್ರೆ ಪೇರ್ ಲಾಶೇಸ್ ಸ್ಮಶಾನಕ್ಕೆ ಜನ ಹತ್ತಾರು ಸಾವಿರ ಲೆಕ್ಕದಲ್ಲಿ ನುಗ್ಗಿದ್ರು. ಆ ಪೂಜೆ ನಡೆದಿದ್ದು 50 ವರ್ಷ ಆದ್ಮೇಲೆ, 2013ರಲ್ಲಿ, ಅವಳ ಬೆಲ್‌ವಿಲ್‌ನ ಚರ್ಚಲ್ಲೇ.

ತಿದ್ದುಪಡಿ ಹಾಕೋದಾದ್ರೆ ದಯವಿಟ್ಟು ಆಸ್ಪತ್ರೆ ವಿಷಯ, ಸೆಪ್ಟೆಂಬರ್ ವಿಷಯ ಎರಡೂ ಹಾಕಿ, ಮಾರ್ಗರೀತ್ ಮೊನೋ ಹೆಸರನ್ನಂತೂ ಬಿಡಬೇಡಿ.

ಇಂತಿ,
ನಿಮ್ಮ ಹಳೇ ಓದುಗಿ, ಶಿವಮೊಗ್ಗ