ಇಂಗ್ಲಿಷ್ ಟೆಸ್ಟ್: ಮಕ್ಕಳ ತಪ್ಪಿನಿಂದಲೇ ಪ್ರಶ್ನೆ ತೆಗೆಯಿರಿ

ಮಾನ್ಯ ಸಂಪಾದಕರೆ,

ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಕಟ್ಟಕಡೆಗೆ ನಿಂತವು. ಇಂಥ ಪಟ್ಟಿ ಬಂದಾಗಲೆಲ್ಲ ನಮ್ಮ ಕಡೆ ಪಾಸಿಂಗ್ ಪ್ಯಾಕೇಜ್, ವಿಶೇಷ ತರಗತಿ, ಸರಣಿ ಪರೀಕ್ಷೆಗಳ ಮಾತು ಜೋರಾಗುತ್ತದೆ. ಪರೀಕ್ಷೆ ಹೆಚ್ಚಾಗಲಿ, ತಕರಾರಿಲ್ಲ. ಆದರೆ ದ್ವಿತೀಯ ಭಾಷೆ ಇಂಗ್ಲಿಷಿನ ಟೆಸ್ಟ್ ಪೇಪರಿನಲ್ಲಿ ಏನು ಕೇಳುತ್ತಿದ್ದೇವೆ ಎಂದು ಯಾರೂ ತೆರೆದು ನೋಡುವುದಿಲ್ಲ. 80 ಅಂಕಗಳ ಬೋರ್ಡ್ ಪೇಪರ್ ಶಾಲೆಯ ಕೈಯಲ್ಲಿಲ್ಲ, ಸರಿ. ಉಳಿದ 20 ಆಂತರಿಕ ಅಂಕಗಳ ಟೆಸ್ಟು, ಸರಣಿ ಪರೀಕ್ಷೆ ಇವೆಲ್ಲ ಶಿಕ್ಷಕರೇ ತೆಗೆಯಬಹುದಾದ ಪೇಪರುಗಳು. ಅವೂ ಎಷ್ಟೋ ಕಡೆ ವಾಟ್ಸ್ಯಾಪ್ ಗ್ರೂಪಿನಿಂದ ಇಳಿದು, ಝೆರಾಕ್ಸ್ ಆಗಿ, ತಪ್ಪು ಕೀ ಉತ್ತರದ ಸಮೇತ ಮಕ್ಕಳ ಮುಂದೆ ಬೀಳುತ್ತವೆ.

ಹೆಚ್ಚು ಓಡಾಡುವ ಒಂದು ಪ್ರಶ್ನೆ ನೋಡಿ: ‘ಶಿ ___ ಟು ದ ಮಾರ್ಕೆಟ್.’ ಆಯ್ಕೆಗಳು: ಗೋಸ್, ವೆಂಟ್, ಈಸ್ ಗೋಯಿಂಗ್, ವಿಲ್ ಗೋ. ನಾಲ್ಕೂ ಸರಿ! ಕೀಯಲ್ಲಿ ಮಾತ್ರ ‘ಗೋಸ್’ ಎಂದಿರುತ್ತದೆ, ಉಳಿದ ಮೂರು ಬರೆದ ಮಗುವಿಗೆ ಸೊನ್ನೆ. ‘ಎವರಿ ಸಂಡೇ’ ಎಂದು ಸೇರಿಸಿದರೆ ಸರಿಹೋಯಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಸರಿಹೋಗದು. ‘ಶಿ ವೆಂಟ್ ಟು ದ ಮಾರ್ಕೆಟ್ ಎವರಿ ಸಂಡೇ’ ಎನ್ನುವುದಕ್ಕೂ ಇಂಗ್ಲಿಷಿನಲ್ಲಿ ಅಡ್ಡಿಯಿಲ್ಲ. ‘ಶಿ ___ ಟು ದ ಮಾರ್ಕೆಟ್ ಎವರಿ ಸಂಡೇ ಅಂಡ್ ಕಮ್ಸ್ ಬ್ಯಾಕ್ ಬೈ ಟೆನ್’ ಎಂದು ಬರೆದಾಗಲೇ ‘ಕಮ್ಸ್’ ಎಂಬ ಎರಡನೇ ಕ್ರಿಯಾಪದ ಮೊದಲನೆಯದನ್ನು ಕಟ್ಟಿಹಾಕುತ್ತದೆ. ಈಗ ‘ಗೋಸ್’ ಬಿಟ್ಟು ಬೇರೆ ಯಾವುದೂ ಕೂಡುವುದಿಲ್ಲ. ಪೇಪರ್ ಅಚ್ಚಿಗೆ ಹೋಗುವ ಮುನ್ನ ಕೀ ತೋರಿಸದೆ ಇನ್ನೊಬ್ಬ ಶಿಕ್ಷಕರಿಂದ ಬಿಡಿಸಿ ನೋಡಬೇಕು. ಇಬ್ಬರ ಉತ್ತರ ಬೇರೆಯಾದ ಕಡೆ ಪ್ರಶ್ನೆಯೇ ಕೆಟ್ಟಿದೆ ಎಂದರ್ಥ. 25 ಅಂಕಗಳ ಪೇಪರಿಗೆ ಇದಕ್ಕೆ 15 ನಿಮಿಷ ಸಾಕು.

ಇನ್ನು ತಪ್ಪು ಆಯ್ಕೆಗಳ ವಿಚಾರ. ಪ್ರಶ್ನೆಯ ಜೀವ ಇರುವುದು ಸರಿ ಉತ್ತರಕ್ಕಿಂತ ಹೆಚ್ಚಾಗಿ ಇಲ್ಲಿ. ‘ಹಿ ಹ್ಯಾಸ್ ವರ್ಕ್ಡ್ ಇನ್ ಎ ಸಿಮೆಂಟ್ ಫ್ಯಾಕ್ಟರಿ ಇನ್ ಸೇಡಂ ___ ತ್ರೀ ಇಯರ್ಸ್’ ಎಂದು ಕೊಟ್ಟು ‘ಫಾರ್, ಅಂಡರ್, ಅಬೋವ್, ಇಂಟು’ ಎಂದಿಟ್ಟರೆ ಓದದ ಮಗುವೂ ‘ಫಾರ್’ಗೆ ಟಿಕ್ ಹಾಕುತ್ತದೆ. ನಮ್ಮ ಮಕ್ಕಳು ನಿಜವಾಗಿ ಎಡವುವುದು ಎಲ್ಲಿ? ‘ಮೂರು ವರ್ಷದಿಂದ’ ಎನ್ನುವ ‘ಇಂದ’ದಲ್ಲಿ. ಕನ್ನಡದ ಈ ಒಂದು ಪ್ರತ್ಯಯ ಇಂಗ್ಲಿಷಿನ ಫ್ರಮ್, ಸಿನ್ಸ್, ಫಾರ್, ಬೈ, ವಿತ್ ಐದರ ಕೆಲಸವನ್ನೂ ಮಾಡುತ್ತದೆ. ಆದ್ದರಿಂದ ಆಯ್ಕೆಗಳು ಫಾರ್, ಸಿನ್ಸ್, ಫ್ರಮ್, ಬೈ ಎಂದೇ ಇರಬೇಕು. ‘ಇಸವಿ ಬಂದರೆ ಸಿನ್ಸ್, ಸಂಖ್ಯೆ ಬಂದರೆ ಫಾರ್’ ಎಂಬ ಸೂತ್ರವನ್ನು ಬಾಯಿಪಾಠ ಮಾಡಿದ ಮಗುವನ್ನು ಗುರುತಿಸಲು ಅದರ ಕೆಳಗೇ ಇನ್ನೊಂದು ಸಾಲು ಹಾಕಿ: ‘ಶಿ ವರ್ಕ್ಡ್ ಇನ್ ಬೀದರ್ ___ 2010 ಟು 2015.’ ಸೂತ್ರ ಗೊತ್ತಿದ್ದು ಅರ್ಥ ಗೊತ್ತಿಲ್ಲದವರು ಇಲ್ಲಿ ‘ಸಿನ್ಸ್’ ಬರೆಯುತ್ತಾರೆ. ಈ ಎರಡು ಪ್ರಶ್ನೆ ಕೂಡಿ ಹೇಳುವಷ್ಟನ್ನು ಹತ್ತು ಖಾಲಿ ಬಿಟ್ಟ ಸ್ಥಳಗಳೂ ಹೇಳುವುದಿಲ್ಲ.

ಕ್ವಶ್ಚನ್ ಟ್ಯಾಗ್ ಕೂಡ ಹೀಗೇ. ‘ಹೌದಲ್ಲ?’ ಎಂಬ ಒಂದೇ ಬಾಲ ಕನ್ನಡದ ಎಲ್ಲ ವಾಕ್ಯಕ್ಕೂ ಅಂಟುತ್ತದೆ, ಹಾಗಾಗಿ ಮಕ್ಕಳು ಎಲ್ಲದಕ್ಕೂ ‘ಈಸಂಟ್ ಇಟ್’ ಹಚ್ಚುತ್ತಾರೆ. ‘ಯುವರ್ ಬ್ರದರ್ ಡ್ರೈವ್ಸ್ ಎ ಟಂಟಂ’ ಎಂಬ ವಾಕ್ಯದ ಮುಂದೆ ‘ಡಸಂಟ್ ಹಿ’ ಜೊತೆಗೆ ‘ಈಸಂಟ್ ಇಟ್’, ‘ಈಸಂಟ್ ಹಿ’, ‘ಡೋಂಟ್ ಹಿ’ ಇರಲಿ. ಮೂರೂ ತರಗತಿಯ ನೋಟ್‌ಬುಕ್ಕಿನಿಂದ ಹೆಕ್ಕಿದ ತಪ್ಪುಗಳು. ಯಾವ ಮಗು ಯಾವುದನ್ನು ಆರಿಸಿತು ಎಂದು ನೋಡಿದರೆ ಮರುದಿನ ಏನು ಪಾಠ ಮಾಡಬೇಕು ಎಂಬುದು ತಿಳಿಯುತ್ತದೆ.

ಆರ್ಟಿಕಲ್ ಪ್ರಶ್ನೆಗಳಲ್ಲಿ ಆ್ಯಪಲ್, ಅಂಬ್ರೆಲಾ ಬಿಟ್ಟು ಹೊರಬರಬೇಕು. ‘ಆನ್’ ಬರುವುದು ಕಿವಿಗೆ ಕೇಳುವ ಸದ್ದು ನೋಡಿ, ಕಣ್ಣಿಗೆ ಕಾಣುವ ಅಕ್ಷರ ನೋಡಿ ಅಲ್ಲ. ಆನ್ ಅವರ್, ಎ ಯೂನಿವರ್ಸಿಟಿ, ಆನ್ ಎಂಎಲ್‌ಎ, ಎ ಒನ್-ರುಪೀ ಕಾಯಿನ್ ಕೊಟ್ಟಾಗಲೇ ಅಸಲಿ ಗೊತ್ತಾಗುತ್ತದೆ. ‘ಹಿ ಈಸ್ ಆನ್ ___’ ಎಂದು ಕೊಟ್ಟು ಎಂಜಿನಿಯರ್, ಡಾಕ್ಟರ್, ಫಾರ್ಮರ್, ಟೀಚರ್ ಎಂಬ ಆಯ್ಕೆ ಇಡುವುದಂತೂ ಉತ್ತರವನ್ನು ಬೋರ್ಡಿನ ಮೇಲೆ ಬರೆದಿಟ್ಟಂತೆ.

ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. ‘ರಾಮ ಕಿಲ್ಡ್ ರಾವಣ’ವನ್ನು ತಿರುಗಿಸಿ ಬರೆ ಎನ್ನುವುದು ಭಾಷೆಯ ಪರೀಕ್ಷೆಯಲ್ಲ, ಕುರ್ಚಿ ಅದಲುಬದಲು ಆಟ. ಯಾರು ಮಾಡಿದರು ಎನ್ನುವುದು ಮುಖ್ಯವಲ್ಲದ ಕಡೆ ಇಂಗ್ಲಿಷ್ ತಾನಾಗಿಯೇ ಪ್ಯಾಸಿವ್‌ಗೆ ಹೊರಳುತ್ತದೆ. ನಮ್ಮಲ್ಲಿ ಅದಕ್ಕೆ ಬಿದ್ರಿಗಿಂತ ಒಳ್ಳೆಯ ಉದಾಹರಣೆ ಬೇಕೆ? ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಅರದಿಂದ ಉಜ್ಜಿ ನಯ ಮಾಡುತ್ತಾರೆ, ಉಳಿಯಿಂದ ಚಿತ್ತಾರ ಕೆತ್ತುತ್ತಾರೆ, ಆ ಗೀರಿನಲ್ಲಿ ಬೆಳ್ಳಿ ತಂತಿ ಕೂಡಿಸಿ ಬಡಿಯುತ್ತಾರೆ, ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಅದರಿಂದ ಲೋಹವನ್ನು ಕಪ್ಪು ಮಾಡುತ್ತಾರೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಪ್ರಶ್ನೆಯಲ್ಲಿ ಕಾಸ್ಟ್, ಫೈಲ್, ಎನ್‌ಗ್ರೇವ್, ಹ್ಯಾಮರ್, ಬ್ಲ್ಯಾಕನ್ ಎಂಬ ಐದು ಕ್ರಿಯಾಪದ, ಪಕ್ಕಕ್ಕೆ ವೆಸಲ್, ಡಿಸೈನ್, ಸಿಲ್ವರ್ ವಯರ್ ಎಂಬ ಮೂರು ನಾಮಪದ ಕೊಡಿ. ಮಗು ಐದು ವಾಕ್ಯ ಬರೆಯಲಿ. ವಾಕ್ಯಕ್ಕೆ ಒಂದು ಅಂಕ: ‘ಈಸ್’ ಸರಿಯಿದ್ದರೆ ಅರ್ಧ, ಕ್ರಿಯಾಪದದ ಮೂರನೇ ರೂಪ ಸರಿಯಿದ್ದರೆ ಅರ್ಧ. ‘ಈಸ್ ಕಾಸ್ಟೆಡ್’ ಎಂಬ ತಪ್ಪು ಖಂಡಿತ ಬರುತ್ತದೆ, ಅದಕ್ಕೆ ಅರ್ಧ ಅಂಕ ಕೊಟ್ಟು ಮುಂದೆ ಹೋಗಿ. ಒಂದು ವಾಕ್ಯದಲ್ಲೂ ‘ಬೈ’ ಬೇಕಾಗುವುದಿಲ್ಲ. ಬಿದ್ರಿಯೇ ಬೇಕೆಂದಿಲ್ಲ, ಯಾದಗಿರಿಯ ಮಕ್ಕಳಿಗೆ ತೊಗರಿ ಬೇಳೆ ಮಾಡುವ ಬಗೆಯನ್ನೂ ಕೊಡಬಹುದು.

ಶಬ್ದಜ್ಞಾನದ ಟೆಸ್ಟಿನಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕಗಳ ಜೋಡಿ ಪಟ್ಟಿಯೇ ತುಂಬಿರುತ್ತದೆ. ಪಟ್ಟಿ ಉರು ಹೊಡೆದವರು ಅಂಕ ತೆಗೆಯುತ್ತಾರೆ, ಆ ಶಬ್ದ ಹಾಕಿ ಒಂದು ವಾಕ್ಯ ಬರೆಯಲು ಹೇಳಿದರೆ ಪೆನ್ನು ನಿಲ್ಲುತ್ತದೆ. ನಮ್ಮ ಭಾಗದ ‘ಹಚ್ಚು’ ಎಂಬ ಶಬ್ದ ತಗೊಳ್ಳಿ. ದೀಪ ಹಚ್ಚುತ್ತೇವೆ, ಫ್ಯಾನ್ ಹಚ್ಚುತ್ತೇವೆ, ಫೋನ್ ಹಚ್ಚುತ್ತೇವೆ, ಗೋಡೆಗೆ ಬಣ್ಣ ಹಚ್ಚುತ್ತೇವೆ, ಮಗನನ್ನು ಸಾಲಿಗೆ ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಇವು ಲೈಟ್, ಸ್ವಿಚ್ ಆನ್, ಕಾಲ್, ಅಪ್ಲೈ, ಅಡ್ಮಿಟ್. ಮಕ್ಕಳು ಎಲ್ಲದಕ್ಕೂ ‘ಪುಟ್’ ಹಾಕುತ್ತಾರೆ. ‘ಬಂದ್ ಮಾಡು’ ಇದರ ಇನ್ನೊಂದು ಮುಖ: ಬಾಗಿಲಿಗೆ ಕ್ಲೋಸ್, ನಳಕ್ಕೆ ಟರ್ನ್ ಆಫ್, ಲೈಟಿಗೆ ಸ್ವಿಚ್ ಆಫ್. ‘ಕ್ಲೋಸ್ ದ ಲೈಟ್’ ಹುಟ್ಟುವುದೇ ಇಲ್ಲಿಂದ. ಇಂಥ ಐದು ವಾಕ್ಯ ಕೊಟ್ಟು ಕ್ರಿಯಾಪದದ ಜಾಗ ಖಾಲಿ ಬಿಡಿ. ಫ್ಯಾನಿಗೆ ‘ಟರ್ನ್ ಆನ್’ ಎಂದರೂ ಸರಿಯೇ ಆದ್ದರಿಂದ, ಒಂದೇ ಶಬ್ದ ಬೇಕಿದ್ದರೆ ಮೊದಲ ಅಕ್ಷರ ಮುದ್ರಿಸಬೇಕು, ಇಲ್ಲದಿದ್ದರೆ ಎರಡಕ್ಕೂ ಅಂಕ ಕೊಡಬೇಕು. ಸ್ಪೆಲ್ಲಿಂಗಿಗೆ ಅಂಕ ಕಡಿಯುವುದೋ ಬೇಡವೋ ಎಂಬುದನ್ನು ಮೌಲ್ಯಮಾಪನಕ್ಕೆ ಕೂತಾಗ ಅಲ್ಲ, ಪೇಪರ್ ತೆಗೆಯುವಾಗಲೇ ತೀರ್ಮಾನಿಸಬೇಕು. ಶಬ್ದ ಗೊತ್ತೇ ಎಂದು ಅಳೆಯುವ ಪ್ರಶ್ನೆಯಲ್ಲಿ ಓದಿದರೆ ತಿಳಿಯುವಂತಿದ್ದರೆ ಸಾಕು. ಸ್ಪೆಲ್ಲಿಂಗಿಗೆ ಬೇರೆ ಉಕ್ತಲೇಖನ ಇರಲಿ.

ವ್ಯಾಕರಣ, ಶಬ್ದ, ಬಳಕೆ ಮೂರನ್ನೂ ಒಂದೇ ಏಟಿಗೆ ನೋಡಬೇಕಿದ್ದರೆ ಕ್ಲೋಜ್ ಗದ್ಯ, ಅಂದರೆ ನಡುನಡುವೆ ಪದ ತೆಗೆದು ಮಕ್ಕಳಿಂದ ತುಂಬಿಸುವ ಗದ್ಯ, ಇದೆ. 1953ರಲ್ಲಿ ವಿಲ್ಸನ್ ಟೇಲರ್ ಎಂಬವರು ಇದನ್ನು ರೂಪಿಸಿದ್ದು ಗದ್ಯ ಎಷ್ಟು ಸರಳ ಎಂದು ಅಳೆಯಲು. ಓದುಗನನ್ನು ಅಳೆಯಲು ಬಳಸಿದ್ದು ಆಮೇಲೆ. 120ರಿಂದ 150 ಪದಗಳ, ಪಠ್ಯಪುಸ್ತಕದಲ್ಲಿಲ್ಲದ ಸರಳ ಗದ್ಯ ಆರಿಸಿ. ಮೊದಲ ಮತ್ತು ಕೊನೆಯ ವಾಕ್ಯ ಮುಟ್ಟಬೇಡಿ. ನಡುವೆ ಪ್ರತಿ ಏಳನೇ ಪದ ತೆಗೆದು 10 ಖಾಲಿ ಜಾಗ ಮಾಡಿ. ಏಳನೆಯದು ಊರಿನ ಹೆಸರೋ ಇಸವಿಯೋ ಆಗಿದ್ದರೆ ಪಕ್ಕದ ಪದಕ್ಕೆ ಜರುಗಿ, ಏಕೆಂದರೆ ಅದನ್ನು ಯಾರೂ ಊಹಿಸಲಾರರು. ಪ್ರತಿ ಐದನೇ ಪದ ತೆಗೆದರೆ ನಮ್ಮ ಎಂಟನೇ ತರಗತಿಯ ಮಕ್ಕಳು ಕೈಚೆಲ್ಲುತ್ತಾರೆ.

ಟೆಸ್ಟ್ ಮುಗಿದ ಮೇಲಿನ ಕೆಲಸ ನಡೆಯುವುದು ಬಲು ಅಪರೂಪ. 40 ಮಕ್ಕಳ ತರಗತಿ ಎನ್ನೋಣ. ಉತ್ತರ ಪತ್ರಿಕೆಗಳನ್ನು ಅಂಕದ ಕ್ರಮದಲ್ಲಿ ಒಟ್ಟಿ, ಮೇಲಿನ 11, ಕೆಳಗಿನ 11 ತೆಗೆದುಕೊಳ್ಳಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 9, ಕೆಳಗಿನವರಲ್ಲಿ 3 ಮಂದಿ ಸರಿ ಬರೆದಿದ್ದರೆ ವ್ಯತ್ಯಾಸ 6. ಅದನ್ನು 11ರಿಂದ ಭಾಗಿಸಿದರೆ 0.55. ಬಲ್ಲವರನ್ನೂ ಬಾರದವರನ್ನೂ ಬೇರ್ಪಡಿಸುವ ಒಳ್ಳೆಯ ಪ್ರಶ್ನೆ, ಎತ್ತಿಟ್ಟುಕೊಳ್ಳಿ. 0.2ಕ್ಕಿಂತ ಕಡಿಮೆ ಬಂದರೆ ತಿದ್ದಬೇಕು. ಮೇಲಿನವರಿಗಿಂತ ಕೆಳಗಿನವರೇ ಹೆಚ್ಚು ಸರಿ ಬರೆದಿದ್ದರೆ ಮೊದಲು ಕೀ ನೋಡಿ, ಹೆಚ್ಚಾಗಿ ತಪ್ಪು ಅಲ್ಲೇ ಇರುತ್ತದೆ. ಯಾರೂ ಮುಟ್ಟದ ಆಯ್ಕೆ ಸತ್ತ ಆಯ್ಕೆ. ಅದನ್ನಿಟ್ಟುಕೊಂಡು ನಾಲ್ಕು ಮಾಡುವುದಕ್ಕಿಂತ ಮೂರು ಜೀವಂತ ಆಯ್ಕೆ ವಾಸಿ. ಹಾಗೇ, ನಾಲ್ಕು ಆಯ್ಕೆಯ 20 ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಟಿಕ್ ಹಾಕಿದರೂ ಸರಾಸರಿ 5 ಅಂಕ ಬರುತ್ತದೆ. 6 ತೆಗೆದವನಿಗೆ ಏನೋ ಬರುತ್ತದೆ ಎಂದು ತಿಳಿಯಬೇಡಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಹೋದಾಗ ಈ ಕೊರತೆ ದುಬಾರಿಯಾಗುತ್ತದೆ. ಎಸ್‌ಎಸ್‌ಸಿ ಸಿಜಿಎಲ್ (ಕೇಂದ್ರ ಸರಕಾರಿ ಹುದ್ದೆಗಳ ನೇಮಕಾತಿ ಪರೀಕ್ಷೆ) ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. ಅಲ್ಲಿ ‘ತಪ್ಪು ಗುರುತಿಸಿ’ ಪ್ರಶ್ನೆಯಲ್ಲಿ ‘ನೋ ಎರರ್’ ಎಂಬ ಆಯ್ಕೆಯೂ ಬರುತ್ತದೆ. ಶಾಲೆಯ ಎಡಿಟಿಂಗ್ ಪ್ರಶ್ನೆಯಲ್ಲೋ, ಎಷ್ಟು ತಪ್ಪಿವೆ, ಯಾವ ಬಗೆಯವು ಎಂದು ಸುಳಿವು ಕೊಟ್ಟೇ ಕೇಳುತ್ತೇವೆ. ಹೀಗೆ ಬೆಳೆದವರಿಗೆ ನೆಟ್ಟಗಿರುವ ವಾಕ್ಯವೂ ಸೊಟ್ಟಗೆ ಕಾಣುತ್ತದೆ. ಎಂಟನೇ ತರಗತಿಯಿಂದಲೇ ಹತ್ತು ವಾಕ್ಯ ಕೊಟ್ಟು ಅದರಲ್ಲಿ ಎರಡನ್ನು ತಪ್ಪಿಲ್ಲದೆ ಬಿಡುವ ಅಭ್ಯಾಸ ಮಾಡಿಸಬಹುದು.

ತಮ್ಮಲ್ಲಿ ಒಂದು ಬೇಡಿಕೆ. ಪರೀಕ್ಷೆ ಹತ್ತಿರ ಬಂದಾಗ ಪತ್ರಿಕೆಗಳು ಮಾದರಿ ಪ್ರಶ್ನೋತ್ತರ ಪ್ರಕಟಿಸುತ್ತವೆ, ಹಳ್ಳಿ ಶಾಲೆಗಳಲ್ಲಿ ಅವನ್ನು ಕತ್ತರಿಸಿ ಗೋಡೆಗೆ ಅಂಟಿಸುತ್ತಾರೆ. ಇಂಗ್ಲಿಷ್ ವಿಭಾಗದಲ್ಲಿ 20 ಪ್ರಶ್ನೆ, ಕೆಳಗೆ ತಲೆಕೆಳಗಾಗಿ 20 ಕೀ ಉತ್ತರ ಹಾಕುವ ಬದಲು 6 ಪ್ರಶ್ನೆ ಸಾಕು. ಪ್ರತಿಯೊಂದರ ಕೆಳಗೆ ಉಳಿದ ಆಯ್ಕೆಗಳು ಏಕೆ ತಪ್ಪು, ಮಕ್ಕಳು ಅವಕ್ಕೆ ಏಕೆ ಬೀಳುತ್ತಾರೆ ಎಂಬುದನ್ನು ಕನ್ನಡದಲ್ಲಿ ಎರಡೆರಡು ಸಾಲು ಬರೆಸಿ ಹಾಕಿ.

ಇಂತಿ,
ಇಬ್ಬರು ಇಂಗ್ಲಿಷ್ ಶಿಕ್ಷಕರು,
ಕಲಬುರಗಿ