ಜನಮಿತಿ ಹರಿವನ್ನು ನೋಡಿ ನಿಗದಿಯಾಗಲಿ

ಮಾನ್ಯ ಸಂಪಾದಕರೇ,

ನೈಸರ್ಗಿಕ ಈಜುತಾಣಗಳ ಮಾಲಿನ್ಯದ ಸುದ್ದಿಯೊಂದಿಗೆ ಸಾಮಾನ್ಯವಾಗಿ ಅಚ್ಚಾಗುವುದು ದಡದಲ್ಲಿ ಬಿದ್ದ ಪ್ಲಾಸ್ಟಿಕ್ ಬಾಟಲಿಗಳ ಚಿತ್ರ. ಬಾಟಲಿಯನ್ನು ಮರುದಿನ ಹೆಕ್ಕಬಹುದು. ಈಜುವವರ ಮೈಯಿಂದ, ಶೌಚಗುಂಡಿಯಿಂದ, ತುಳಿದು ಸಡಿಲವಾದ ದಡದ ಮಣ್ಣಿನಿಂದ ನೀರಿಗೆ ಸೇರುವುದನ್ನು ಹೆಕ್ಕಲಾಗದು. ಹರಿವೇ ಅದನ್ನು ಒಯ್ಯಬೇಕು. ಹಾಗಾಗಿ ಒಂದು ಮಡುವಿಗೆ ದಿನಕ್ಕೆಷ್ಟು ಜನ ಇಳಿಯಬಹುದೆಂಬುದು ಪಾರ್ಕಿಂಗ್ ಜಾಗದ ಲೆಕ್ಕವಲ್ಲ, ಒಳಹರಿವಿನ ಲೆಕ್ಕ.

5 ಲಕ್ಷ ಲೀಟರ್ ಹಿಡಿಯುವ ಮಡುವಿಗೆ ಸೆಕೆಂಡಿಗೆ 10 ಲೀಟರ್ ನೀರು ಬರುತ್ತಿದ್ದರೆ ಅಷ್ಟೂ ನೀರು ಬದಲಾಗಲು ಸುಮಾರು 14 ಗಂಟೆ ಸಾಕು. ಹರಿವು 1 ಲೀಟರಿಗೆ ಇಳಿದರೆ ಸುಮಾರು 6 ದಿನ ಬೇಕು. ಅದೂ ಕಾಗದದ ಮೇಲಿನ ಲೆಕ್ಕ. ಹೊಸ ನೀರು ಹಳೆಯದರಲ್ಲಿ ಬೆರೆಯುತ್ತ ಹೋಗುವುದರಿಂದ ಮಡುವಿನಷ್ಟು ನೀರು ಒಮ್ಮೆ ಹರಿದುಬರುವ ಒಂದು ಸುತ್ತಿನಲ್ಲಿ ಹೊರಬೀಳುವ ಕೊಳೆ ಶೇ 63ರಷ್ಟು ಮಾತ್ರ. ಶೇ 95ಕ್ಕೆ ಮೂರು ಸುತ್ತು ಬೇಕು. ಜನ ಮುಗಿಬೀಳುವುದೋ ಸೆಕೆಗಾಲದಲ್ಲಿ, ಅಂದರೆ ಹಲವೆಡೆ ಹರಿವು ಬಡವಾಗಿರುವಾಗಲೇ. ಹರಿವನ್ನು ಅಳೆಯಲು ದುಬಾರಿ ಸಲಕರಣೆಯೇನೂ ಬೇಡ. ತೊರೆಯ ನೇರವಾದ 10 ಮೀಟರ್ ಭಾಗದಲ್ಲಿ ಮರದ ತುಂಡೊಂದನ್ನು ತೇಲಿಬಿಟ್ಟು ವೇಗ ನೋಡಿ, ಅದನ್ನು ಅಗಲದಿಂದಲೂ ಸರಾಸರಿ ಆಳದಿಂದಲೂ ಗುಣಿಸಿ, ತಳದ ನೀರು ನಿಧಾನವಾದ್ದರಿಂದ 0.85ರಿಂದ ಮತ್ತೊಮ್ಮೆ ಗುಣಿಸಿದರೆ ಸಾಕಷ್ಟು ನಂಬಬಹುದಾದ ಅಂಕಿ ಸಿಗುತ್ತದೆ.

ತಿಳಿನೀರಿನ ಕೊಳಗಳಲ್ಲಿ ಪಾಚಿಗೆ ಸಾಮಾನ್ಯವಾಗಿ ಕಡಿಮೆ ಬೀಳುವ ಪೋಷಕಾಂಶ ರಂಜಕ (ಫಾಸ್ಫರಸ್). ಲೀಟರಿಗೆ 10 ಮೈಕ್ರೋಗ್ರಾಂ ದಾಟಿತೆಂದರೆ ನೀರಿನ ಸ್ವಭಾವ ಬದಲಾಗತೊಡಗುತ್ತದೆ. ಒಬ್ಬ ವಯಸ್ಕನ ದಿನದ ಮೂತ್ರದಲ್ಲಿ ಹೆಚ್ಚುಕಡಿಮೆ 1 ಗ್ರಾಂ ರಂಜಕವಿರುತ್ತದೆ. 1 ಲಕ್ಷ ಲೀಟರ್ ಶುದ್ಧ ನೀರನ್ನು ಆ ಮಟ್ಟಕ್ಕೆ ತರಲು ಅಷ್ಟು ಸಾಕು. ಮೀನಿಗೆಂದು ಎಸೆಯುವ ಬ್ರೆಡ್ಡೂ ಇದೇ ಖಾತೆಗೆ ಸೇರುತ್ತದೆ. ‘ಪರಿಸರಸ್ನೇಹಿ’ ಸೋಪಿನ ಮೇಲಿನ ನಂಬಿಕೆಯಂತೂ ಅತಿಯಾಯಿತು. ಅದು ಕೊಳೆತು ಹೋಗಲು ಮಣ್ಣಿನ ಸೂಕ್ಷ್ಮಜೀವಿಗಳು ಬೇಕು, ಆದ್ದರಿಂದ ತೊಳೆಯುವ ಕೆಲಸ ನೀರಿನಿಂದ ಕನಿಷ್ಠ 60 ಮೀಟರ್ ದೂರದಲ್ಲಿ ನಡೆಯಬೇಕು.

ಇನ್ನು ರೋಗಾಣುಗಳು. ಯುರೋಪಿಯನ್ ಒಕ್ಕೂಟದ 2006ರ ನಿರ್ದೇಶನದಂತೆ ಒಳನಾಡಿನ ಈಜುತಾಣವು ‘ಅತ್ಯುತ್ತಮ’ ಎನಿಸಲು 100 ಮಿಲಿಲೀಟರಿನಲ್ಲಿ ಮಲ ಬೆರೆತದ್ದನ್ನು ಸೂಚಿಸುವ ಬ್ಯಾಕ್ಟೀರಿಯಗಳಾದ ಇ. ಕೋಲಿ 500, ಎಂಟರೊಕಾಕೈ 200ರ ಮಿತಿಯೊಳಗಿರಬೇಕು. ಆದರೆ ಮಾದರಿ ತೆಗೆಯುವ ಹೊತ್ತೇ ಫಲಿತಾಂಶವನ್ನು ತಿರುಚಬಲ್ಲದು. ಇ. ಕೋಲಿ ತಳದ ಕೆಸರಿನಲ್ಲಿ ವಾರಗಟ್ಟಲೆ ಬದುಕುತ್ತದೆ, ಕಾಲುಗಳು ಕೆಸರು ಕದಡಿದಾಗ ಮೇಲೇಳುತ್ತದೆ. ಯಾರೂ ಇಳಿಯದ ಸೋಮವಾರ ಬೆಳಿಗ್ಗೆ ಬಾಟಲಿ ತುಂಬಿದರೆ ವರದಿ ಚೆನ್ನಾಗಿಯೇ ಬರುತ್ತದೆ. ಜನ ಹೆಚ್ಚಿರುವ ಹೊತ್ತಿನಲ್ಲಿ, ಹೆಚ್ಚು ಜನ ಈಜುವ ಕಡೆಯೇ, ಮೇಲ್ಮೈಯಿಂದ 30 ಸೆಂಟಿಮೀಟರ್ ಕೆಳಗೆ, ಹರಿವಿಗೆ ಎದುರಾಗಿ ಬಾಟಲಿಯ ಬಾಯಿ ಹಿಡಿದು ತುಂಬಬೇಕು. ಕತ್ತಲೆಯಲ್ಲಿ, ತಂಪಾಗಿಟ್ಟು, ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಸಾಮಾನ್ಯ ವಿಧಾನದಲ್ಲಿ ಫಲಿತಾಂಶಕ್ಕೆ ಒಂದು ದಿನ ಹಿಡಿಯುವುದರಿಂದ, ಜೋರು ಮಳೆಯ ನಂತರ ವರದಿಗೆ ಕಾಯದೆ ಎರಡು ದಿನ ಈಜು ನಿಲ್ಲಿಸುವುದೇ ಲೇಸು.

ಶೌಚಾಲಯ ಕಟ್ಟಿದೊಡನೆ ಸಮಸ್ಯೆ ಮುಗಿಯಿತೆನ್ನುವವರಿದ್ದಾರೆ. ಸೆಪ್ಟಿಕ್ ಟ್ಯಾಂಕಿನಲ್ಲಿ ಕೊಳಚೆ ಒಂದೆರಡು ದಿನ ನಿಂತರೆ ತಾನೆ ಕೆಸರು ತಳಕ್ಕಿಳಿಯುವುದು? ವಾರಾಂತ್ಯದ ಜನದಟ್ಟಣೆಗೆ ಆ ಅವಧಿ ಕೆಲವೇ ಗಂಟೆಗಳಿಗೆ ಇಳಿದು, ಕೆಸರು ಇಂಗುಗುಂಡಿಗೆ ನುಗ್ಗುತ್ತದೆ. ಬಿರುಕುಬಿಟ್ಟ ಬಂಡೆಯ ನೆಲವಾದರೆ ಅದು ಸೋಸದೆಯೇ ಮಡು ಸೇರಬಹುದು. ಫ್ಲೋರೆಸಿನ್ ಬಣ್ಣವನ್ನು ಕಮೋಡಿಗೆ ಸುರಿದು ಕೆಲವು ದಿನ ನೀರನ್ನು ಗಮನಿಸಿದರೆ ಇಂಥ ಸೋರಿಕೆಗಳು ಬಯಲಾಗುತ್ತವೆ.

ಈಜುವ ಮುನ್ನ ಒಂದು ನಿಮಿಷದ ಸ್ನಾನ ಬೆವರು, ಕ್ರೀಮುಗಳ ಬಹುಪಾಲನ್ನು ತೊಳೆದುಬಿಡುತ್ತದೆ. ಆ ನೀರು ಇಳಿಜಾರಿನಲ್ಲಿ ಹರಿದು ಮತ್ತೆ ಮಡುವಿಗೇ ಬಂದರೆ ಏನು ಲಾಭ? ಅದನ್ನು ಹಿಂಬದಿಯ ಗಿಡಗಳಿರುವ ಮಣ್ಣಿಗೆ ತಿರುಗಿಸಬೇಕು. ನೀರಿಗಿಳಿಯಲು ಒಂದೇ ಕಡೆ ಮೆಟ್ಟಿಲಿರಲಿ, ಉಳಿದ ದಡಕ್ಕೆ ಬೇಲಿ ಬೀಳಲಿ. ಕ್ರೊಯೇಷಿಯಾದ ಕ್ರ್ಕಾ ರಾಷ್ಟ್ರೀಯ ಉದ್ಯಾನದ ಪ್ರಸಿದ್ಧ ಜಲಪಾತದ ಬಳಿ 2021ರಿಂದ ಈಜನ್ನೇ ನಿಷೇಧಿಸಿದ್ದಾರೆ. ಎಲ್ಲೆಡೆ ಅಷ್ಟು ಕಠಿಣವಾಗಬೇಕಿಲ್ಲ. ನೀರು ಬದಲಾಗಲು ಒಂದು ದಿನಕ್ಕಿಂತ ಹೆಚ್ಚು ಹಿಡಿಯತೊಡಗಿದಾಗ ಪ್ರವೇಶವನ್ನು ಅರ್ಧಕ್ಕಿಳಿಸಿ, ಮೂರು ದಿನ ದಾಟಿದರೆ ಮುಚ್ಚಿದರಾಯಿತು. ಟಿಕೆಟ್ ಕಿಟಕಿಯ ಪಕ್ಕದ ಫಲಕದಲ್ಲಿ ಆ ವಾರದ ಹರಿವು, ಕೊನೆಯ ಮಾದರಿ ತೆಗೆದ ದಿನ ಮತ್ತು ಗಂಟೆ, ಇ. ಕೋಲಿ ಸಂಖ್ಯೆ ಇವಿಷ್ಟನ್ನೂ ಸೀಮೆಸುಣ್ಣದಲ್ಲಿ ಬರೆಯುವ ವ್ಯವಸ್ಥೆ ಮೊದಲು ಆಗಲಿ.