ನಿನ್ನ ಏಣಿ ನನ್ನ ಹತ್ತಿರವೇ ಇತ್ತು

ಪ್ರೀತಿಯ ಗೆಳೆಯಾ,

ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಿ ಕ್ಯಾಲಿಫೋರ್ನಿಯಾದ ನಮ್ಮ ಊರು ಪ್ಯಾರಡೈಸಿನ ಮಾತು ತೆಗೆದರೆ ಸಾಕು, ನೀನು ಐಡಹೋದ ಚಳಿಯ ಕಥೆ ಶುರು ಮಾಡುತ್ತೀಯ. ಪತ್ರದಲ್ಲಾದರೆ ನಡುವೆ ಮಾತು ತಿರುಗಿಸಲು ನಿನಗಾಗುವುದಿಲ್ಲ, ಅಲ್ವಾ?

ನಿನ್ನ ಸೈಟಿನಲ್ಲಿ ಮನೆ ಎದ್ದಿದೆ. 2018ರ ಕಾಡ್ಗಿಚ್ಚಿನಲ್ಲಿ ಮನೆ ಸುಟ್ಟು, ನೀನು ಜಾಗ ಮಾರಿ ಹೋದ ಮೇಲೆ ವರ್ಷಗಟ್ಟಲೆ ಅಲ್ಲಿ ಬರೀ ಹುಲ್ಲು, ಜಿಂಕೆ. ಈಗ ಗಂಡ, ಹೆಂಡತಿ, ಒಂದು ಪುಟ್ಟ ಮಗು. ತಗಡಿನ ಚಾವಣಿ. ಗೋಡೆಯ ಸುತ್ತ ಐದು ಅಡಿ ಒಂದು ಗಿಡವೂ ಇಲ್ಲ, ಜಲ್ಲಿ ಮಾತ್ರ. ಈಗಿನ ಮನೆಗಳೆಲ್ಲ ಹಾಗೇ. ನಿಮ್ಮ ಗುಲಾಬಿ ಕಿಟಕಿಗೆ ಒರಗಿಕೊಂಡಿತ್ತಲ್ಲ, ಆ ಜಾಗದಲ್ಲೂ ಜಲ್ಲಿ. ಬೆಂಕಿ ಗೋಡೆಗೆ ತಾಗದಿರಲಿ ಎಂದು, ಒಳ್ಳೆಯದಕ್ಕೇ ಮಾಡಿದ್ದಾರೆ. ಆದರೂ ಹಾದು ಹೋಗುವಾಗ ಆ ಕಡೆ ನೋಡಲು ನನಗೆ ಕಷ್ಟವಾಗುತ್ತದೆ.

ಹೋದ ಭಾನುವಾರ ಆ ಗಂಡ, ಇನ್ನೂ ಹುಡುಗ, ನಮ್ಮ ಬಾಗಿಲಿಗೆ ಬಂದ. ಬಹಳ ಸಂಕೋಚದಿಂದ, "ಏಣಿ ಇದ್ದರೆ ಒಂದು ಗಂಟೆ ಕೊಡ್ತೀರಾ?" ಅಂದ. ನಾನು "ಇಲ್ಲ" ಅಂದೆ. ನನ್ನ ಬೆನ್ನ ಹಿಂದೆ ಗ್ಯಾರೇಜಿನ ಬಾಗಿಲು ತೆಗೆದೇ ಇತ್ತು. ಏಣಿ ಗೋಡೆಗೆ ಒರಗಿ ನಿಂತಿತ್ತು. ಅವನು ನೋಡಿದ. ನೋಡದವನ ಹಾಗೆ "ಪರವಾಗಿಲ್ಲ" ಎಂದು ಹೊರಟುಹೋದ.

ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಹಾಗೆ ಹೇಳಿದೆ? ಏಣಿ, ಗರಗಸ, ಕೈಗಾಡಿ ಕೊಟ್ಟು ತೆಗೆದುಕೊಂಡೇ ಅಲ್ವಾ ಈ ಊರಿನಲ್ಲಿ ನಾವು ಒಬ್ಬರಿಗೊಬ್ಬರು ಪರಿಚಯವಾದದ್ದು? ಬೆಂಕಿ ಆದ ಮೇಲೂ ಊರನ್ನು ಹಿಡಿದು ನಿಲ್ಲಿಸಿದ್ದು ಅದೇ. 2010ರ ಜನಗಣತಿಯಲ್ಲಿ 26,218 ಜನ ಇದ್ದ ಊರು 2020ರಲ್ಲಿ 4,764ಕ್ಕೆ ಇಳಿದಿತ್ತು. ಆ ದಿನಗಳಲ್ಲಿ ಒಂದು ಜನರೇಟರ್ ನಾಲ್ಕು ಮನೆ ಸುತ್ತುತ್ತಿತ್ತು. 2019ರ ಆಗಸ್ಟ್‌ನಲ್ಲಿ ಹೈಸ್ಕೂಲು ಹುಡುಗರು ಮತ್ತೆ ಫುಟ್‌ಬಾಲ್ ಆಡಿದ ಸಂಜೆ ನೆನಪಿದೆಯಾ? ನೀನೂ ಬಂದಿದ್ದೆ. ಊರಲ್ಲಿ ಮನೆಯೇ ಇಲ್ಲದ ಜನ ಸಾವಿರಾರು ಮಂದಿ ಬಂದು ಕೂತಿದ್ದರು. ಆಟ ಯಾರು ನೋಡಿದರು! ಎಲ್ಲರೂ ಮುಖ ಹುಡುಕುತ್ತಿದ್ದರು.

ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. "ನಿಮ್ಮದು ಹೋಯ್ತಾ, ಉಳೀತಾ?" ಉಳಿಯಿತು ಎಂದು ಹೇಳುವಾಗ ನನ್ನ ದನಿ ತಾನಾಗಿ ಸಣ್ಣದಾಗುತ್ತಿತ್ತು. ಉಳಿದ ಮನೆಯಲ್ಲೂ ಕಷ್ಟ ಇತ್ತು. ಹಾಸಿಗೆ, ಬಟ್ಟೆ, ಪುಸ್ತಕ ಎಲ್ಲ ಹೊಗೆ ವಾಸನೆ. ಒತ್ತಡ ಬಿದ್ದುಹೋದ ನೀರಿನ ಪೈಪಿನೊಳಗೆ ಬೆಂಜೀನ್ ಎಂಬ ವಿಷದ ರಾಸಾಯನಿಕ ಸೇರಿ, ನಲ್ಲಿ ನೀರು ಕುಡಿಯುವ ಹಾಗಿರಲಿಲ್ಲ. ಹಲ್ಲುಜ್ಜಲಿಕ್ಕೂ ಬಾಟಲಿ ನೀರು. ಆದರೆ ಇದನ್ನೆಲ್ಲ ಯಾರ ಮುಂದೆ ಹೇಳಲಿ? ನಿನ್ನ ಮುಂದೆಯಾ? ನೀನು ಬೂದಿಯಲ್ಲಿ ಜರಡಿ ಹಿಡಿದು ಅಮ್ಮನ ಬಳೆ ಹುಡುಕುತ್ತಿದ್ದೆ.

ನನ್ನ ತಲೆಯಲ್ಲಿ ಏಳು ವರ್ಷದಿಂದ ಕೂತಿರುವುದು ಇನ್ನೊಂದಿದೆ. ಬರೆದುಬಿಡುತ್ತೇನೆ.

ಏಣಿ ನಿನ್ನದು. 2018ರ ಅಕ್ಟೋಬರ್ ಕೊನೆಯಲ್ಲಿ ನಿನ್ನಿಂದ ತಂದೆ. ಸೂರಂಚಿನ ಮಳೆನೀರಿನ ದೋಣಿಗಳಲ್ಲಿ ಪೈನ್ ಮರದ ಸೂಜಿಯೆಲೆ ತುಂಬಿತ್ತು. ಎರಡು ದಿನ ಕೂತು ಎಲ್ಲ ಬಾಚಿ ತೆಗೆದೆ. ನೀನು ಒಂದು ಸಂಜೆ ಬೇಲಿ ಹತ್ತಿರ ನಿಂತು, "ಮುಗಿದ ಮೇಲೆ ಕೊಡು, ನಮ್ಮದೂ ತುಂಬಿದೆ" ಅಂದೆ. ನಾನು "ನಾಳೆ" ಅಂದೆ. ಹತ್ತು ದಿನ ಹಾಗೇ ನಾಳೆ ನಾಳೆ ಅಂದೆ. ಆಮೇಲೆ ನವೆಂಬರ್ 8 ಬಂತು.

ಅವತ್ತು ಬೆಳಗ್ಗೆ ಎಂಟಕ್ಕೇ ಕತ್ತಲು. ಗಾಳಿಗೆ ಕೆಂಡ ಹಾರಿ ಹಾರಿ ಬೀಳುತ್ತಿತ್ತು. ಕೆಂಡಕ್ಕೆ ಒಣಗಿದ ಸೂಜಿಯೆಲೆ ಸಿಕ್ಕರೆ ಏನಾಗುತ್ತದೆ ಎಂದು ನಿನಗೆ ನಾನು ಹೇಳಬೇಕಾ? ಊರು ಬಿಟ್ಟು ಓಡುವಾಗ ಸ್ಕೈವೇ ರಸ್ತೆಯಲ್ಲಿ ನಮ್ಮ ಕಾರು ನಿಮ್ಮ ಕಾರಿನ ಹಿಂದೇ ಇತ್ತು. ಅಷ್ಟು ಹೊತ್ತು ನಿನ್ನ ಹಿಂದಿನ ಕೆಂಪು ದೀಪ ನೋಡುತ್ತಾ ಕೂತಿದ್ದಾಗ ಏಣಿ ನೆನಪಾಗಲಿಲ್ಲ. ಡಿಸೆಂಬರಿನಲ್ಲಿ ವಾಪಸು ಬಂದು ಗ್ಯಾರೇಜು ತೆಗೆದಾಗ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ನಿನ್ನ ಇಡೀ ಮನೆಯಲ್ಲಿ ಉಳಿದ ಒಂದೇ ವಸ್ತು.

ನೀನು ಏನು ಹೇಳುತ್ತೀಯ ಗೊತ್ತು. "ನಮ್ಮದು ಹಳೆಯ ಮನೆ, ಪಕ್ಕದ ಮನೆ ಹತ್ತಿ ಉರಿಯುತ್ತಿತ್ತು, ಅದರ ಬಿಸಿಗೆ ಏನು ಮಾಡಿದ್ದರೂ ನಿಲ್ಲುತ್ತಿರಲಿಲ್ಲ." ನಾನೂ ಓದಿದ್ದೇನೆ. ಊರಿನ ಮನೆಗಳನ್ನು ಅಧ್ಯಯನ ಮಾಡಿದವರು ಹೇಳುವುದೂ ಅದನ್ನೇ. 1997ಕ್ಕಿಂತ ಮೊದಲು ಕಟ್ಟಿದ ಮನೆಗಳಲ್ಲಿ ಉಳಿದದ್ದು ನೂರಕ್ಕೆ ಹನ್ನೆರಡರಷ್ಟು ಮಾತ್ರ. ಉರಿಯುವ ಮನೆ ಹತ್ತಿರ ಇದ್ದಷ್ಟೂ ಉಳಿಯುವುದು ಕಷ್ಟ. ಆದರೆ ಹನ್ನೆರಡು ಉಳಿದವು ತಾನೆ ಮಾರಾಯಾ. ರಾತ್ರಿ ಎರಡು ಗಂಟೆಗೆ ನನಗೆ ಕಾಣುವುದು ಆ ಹನ್ನೆರಡೇ.

85 ಜನ ಸತ್ತ ಊರಿನಲ್ಲಿ ಏಣಿಯ ಬಗ್ಗೆ ಅಳುವುದು ಸರಿಯಲ್ಲ ಎಂದು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಮೊದಲನೇ ವರ್ಷದ ದಿನ 85 ಸೆಕೆಂಡ್ ಮೌನ ನಿಂತಾಗಲೂ ನೀನು ನನ್ನ ಪಕ್ಕದಲ್ಲೇ ಇದ್ದೆ, ಹೇಳಬೇಕು ಅಂದುಕೊಂಡೆ, ಆಗಲಿಲ್ಲ. ನಿನ್ನ ಮನೆ ಉಳಿದು ನನ್ನದು ಹೋಗಿದ್ದರೆ ಎಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ. ಆಗ ನೀನು ಇಲ್ಲೇ ಇರುತ್ತಿದ್ದೆ. ಇದನ್ನು ಮನೆಯವಳಿಗೂ ಹೇಳಿಲ್ಲ. ಅವಳೂ ಓದುತ್ತಾಳೆ. ಓದಲಿ.

ಸಾಕು, ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ. ನಿನ್ನ ಮಗಳಿಗೆ ಲೈಸೆನ್ಸ್ ಬಂತಂತೆ. ಎಡಗಡೆ ಕನ್ನಡಿಯ ವಿಷಯ ಅವಳಿಗೆ ಹೇಳಿದ್ದೀಯ ತಾನೆ? ಇಲ್ಲಿ ಸುಟ್ಟ ಓಕ್ ಮರದ ಬುಡದಿಂದ ಚಿಗುರು ಬಂದು ಈಗ ನನಗಿಂತ ಎತ್ತರ ಆಗಿದೆ. ಎಚ್ಚರಿಕೆ ಸೈರನ್ ಪರೀಕ್ಷೆ ಮಾಡುವಾಗ ನಮ್ಮ ನಾಯಿ ಮಂಚದ ಕೆಳಗೆ ಹೋಗುತ್ತದೆ. ನಾನೂ ಅದರ ಪಕ್ಕ ನೆಲದ ಮೇಲೆ ಕೂರುತ್ತೇನೆ.

ನಿನ್ನೆ ಸಂಜೆ ಏಣಿ ಹೊತ್ತುಕೊಂಡು ಆ ಮನೆಗೆ ಹೋದೆ. ಸುಳ್ಳು ಹೇಳಿದ್ದೆ, ಕ್ಷಮಿಸು ಎಂದೆ. ಇದು ಈ ಜಾಗದಲ್ಲಿ ಮೊದಲಿದ್ದವರದ್ದು, ನಿಮ್ಮ ಹತ್ತಿರವೇ ಇರಲಿ, ಬೇಕಾದಾಗ ನಾನು ಬಂದು ಕೇಳುತ್ತೇನೆ ಎಂದೆ. ನಿನ್ನನ್ನು ಕೇಳದೆ ಕೊಟ್ಟೆ. ತಪ್ಪಾಗಿದ್ದರೆ ಬೈಯಿ, ಆದರೆ ಇಲ್ಲಿಗೇ ಬಂದು ಬೈಯಿ.

ಆ ಹುಡುಗ ಎರಡೂ ಕೈಯಲ್ಲಿ ಹಿಡಿದುಕೊಂಡ. ಮೂರನೇ ಮೆಟ್ಟಿಲು ಜೋಪಾನ ಎಂದೆ. ಯಾಕೆ, ಏನಾಗಿದೆ ಎಂದು ಬಗ್ಗಿ ನೋಡಿದ.

ನಾನು ಹೇಳಲಿಲ್ಲ. ಅದನ್ನು ನೀನು ಬಂದಾಗ ನೀನೇ ಹೇಳು.

ನಿನ್ನ,
ಎದುರು ಮನೆಯವ